ರುಚಿ ಇದೆ, ಬೇಕು ಅನ್ನಿಸುವುದಿಲ್ಲ

ಕಳೆದ ವರ್ಷ ಆರಿದ್ರಾ ಮಳೆ ಹಿಡಿದ ವಾರದಲ್ಲಿ ನಮ್ಮ ಅಪ್ಪಯ್ಯ ಊಟ ಬಿಡತೊಡಗಿದರು. ಹಟ ಹಿಡಿದು ಬಿಟ್ಟದ್ದಲ್ಲ. ತಟ್ಟೆಯನ್ನು ಮುಂದಿಟ್ಟರೆ ಅದನ್ನು ನೋಡುತ್ತ ಕೂರುತ್ತಿದ್ದರು, ಕೈ ಮಾತ್ರ ತಟ್ಟೆಯ ಕಡೆಗೆ ಹೋಗುತ್ತಿರಲಿಲ್ಲ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯಿಂದ ತುಸು ಒಳಗೆ, ಅಡಿಕೆ ತೋಟದ ತಲೆಯ ಮೇಲಿರುವ ನಮ್ಮ ಮನೆಯಲ್ಲಿ ಬಡಿಸಿದ್ದನ್ನು ಉಣ್ಣದೆ ಬಿಡುವುದು ಅಡುಗೆ ಮಾಡಿದವರಿಗೆ ಮಾಡುವ ಅವಮಾನವೆಂದೇ ಲೆಕ್ಕ. ಆದ್ದರಿಂದ ಮೊದಲ ಕೆಲವು ದಿನ ಅಮ್ಮ ಸಿಟ್ಟು ಮಾಡಿಕೊಂಡರು, ಆಮೇಲೆ ಹೆದರಿದರು. ಆ ಶನಿವಾರ ನಾನು ಶಿವಮೊಗ್ಗದಿಂದ ಹೋದಾಗ ಹಲಸಿನ ಹಣ್ಣಿನ ಕಡುಬು ಮಾಡಿದ್ದರು. ಅಪ್ಪಯ್ಯನಿಗೆ ಅದೆಂದರೆ ಪ್ರಾಣ. ಕಡುಬು ಆರಿತು, ಮೇಲೆ ಹಾಕಿದ ತುಪ್ಪ ಗಟ್ಟಿಯಾಯಿತು, ಅವರು ಮುಟ್ಟಲಿಲ್ಲ. ಕೊನೆಗೆ ಅಮ್ಮ ಒಂದು ಚೂರು ಮುರಿದು ಅವರ ಬಾಯಿಗಿಟ್ಟರು. ಅವರು ನಿಧಾನವಾಗಿ ಅಗಿದರು, ಕಣ್ಣು ಅರ್ಧ ಮುಚ್ಚಿತು, ತುಟಿಗೆ ಹತ್ತಿದ ತುಪ್ಪವನ್ನು ನಾಲಿಗೆ ಹೊರಚಾಚಿ ನೆಕ್ಕಿಕೊಂಡರು.

"ಚೆನ್ನಾಗಿದೆಯಾ?"

"ಬಹಳ ಚೆನ್ನಾಗಿದೆ."

"ಹಾಗಾದರೆ ತಿನ್ನಿ ಮತ್ತೆ."

ಅವರು ತಟ್ಟೆಯನ್ನು ನೋಡಿದರು. "ರುಚಿ ಇದೆ ಮಾರಾಯ್ತಿ, ಬೇಕು ಅನ್ನಿಸುವುದಿಲ್ಲ" ಎಂದರು.

ಅವರಿಗೆ ಪಾರ್ಕಿನ್‌ಸನ್ ಕಾಯಿಲೆ ಇರುವುದು ಗೊತ್ತಾಗಿ ಆಗ ಮೂರು ವರ್ಷವಾಗಿತ್ತು. ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವವಳು. ಮಿದುಳಿನ ಪಾಠ ಬಂದಾಗಲೆಲ್ಲ, ಡೋಪಮಿನ್ ಎಂಬುದು ಸುಖದ ರಾಸಾಯನಿಕ, ರುಚಿಯಾದದ್ದನ್ನು ತಿಂದಾಗ ಮಿದುಳಿನಲ್ಲಿ ಅದು ಸುರಿಯುತ್ತದೆ, ಅದಕ್ಕೇ ನಮಗೆ ಖುಷಿಯಾಗುತ್ತದೆ ಎಂದು ಎಷ್ಟೋ ವರ್ಷಗಳಿಂದ ಹೇಳಿಕೊಡುತ್ತ ಬಂದಿದ್ದೆ. ಪಾರ್ಕಿನ್‌ಸನ್‌ನಲ್ಲಿ ಸಾಯುವುದು ಡೋಪಮಿನ್ ತಯಾರಿಸುವ ನರಕೋಶಗಳೇ. ನನ್ನ ಪಾಠ ಸರಿಯಾಗಿದ್ದಿದ್ದರೆ ಅಪ್ಪಯ್ಯನಿಗೆ ಕಡುಬು ಮಣ್ಣಿನಂತೆ ರುಚಿಸಬೇಕಿತ್ತು. ಅವರು ತುಟಿ ನೆಕ್ಕಿಕೊಂಡದ್ದನ್ನು ನಾನು ಎದುರಿಗೆ ಕೂತು ನೋಡಿದ್ದೆ. ಆ ರಾತ್ರಿಯಿಂದ ನಾನು ಓದಿದ್ದೆಲ್ಲ ಒಂದು ಪ್ರಶ್ನೆಯ ಬೆನ್ನು ಹತ್ತಿ: ಬೇಕೆನ್ನಿಸುವುದು ಮತ್ತು ಹಿಡಿಸುವುದು ಎರಡೂ ಒಂದೇ ಅಲ್ಲವೇ?

ಒಂದೇ ಎಂದು ನಂಬಲು ವಿಜ್ಞಾನಿಗಳಿಗೂ ಕಾರಣವಿತ್ತು. 1954ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಎಂಬಿಬ್ಬರು ಇಲಿಗಳ ಮಿದುಳಿನೊಳಗೆ ಸಣ್ಣ ತಂತಿ ಇಳಿಸಿ, ಸನ್ನೆ (ಲಿವರ್) ಒತ್ತಿದರೆ ಅಲ್ಲಿಗೆ ತುಸು ವಿದ್ಯುತ್ ಹರಿಯುವಂತೆ ಮಾಡಿದರು. ತಂತಿ ಕೆಲವು ಜಾಗಗಳಲ್ಲಿದ್ದರೆ ಇಲಿಗಳು ಗಂಟೆಗಟ್ಟಲೆ ಬಿಡದೆ ಸನ್ನೆ ಒತ್ತಿದವು. ಸುಖದ ಕೇಂದ್ರ ಸಿಕ್ಕಿತು ಎಂಬ ಮಾತು ಎಲ್ಲೆಡೆ ಹರಡಿತು. ಅಷ್ಟು ಒತ್ತುತ್ತಿದೆ ಎಂದರೆ ಅಷ್ಟು ಸುಖವಾಗುತ್ತಿರಬೇಕು ಎಂಬ ತರ್ಕದಲ್ಲಿ ಒಂದು ಜಿಗಿತವಿದೆ ಎಂದು ಆಗ ಹೆಚ್ಚಿನವರಿಗೆ ಅನ್ನಿಸಲಿಲ್ಲ. ಇಲಿ ಸನ್ನೆಯನ್ನು ಬಯಸಿದ್ದು ಮಾತ್ರ ಕಣ್ಣಿಗೆ ಕಂಡದ್ದು. ಅದು ಸುಖಪಟ್ಟಿತು ಎಂಬುದು ನಾವು ಸೇರಿಸಿಕೊಂಡದ್ದು.

ಇದಕ್ಕೆ ಮೂರು ವರ್ಷ ಮೊದಲು, 1951ರಲ್ಲಿ, ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ನಮ್ಮ ದೇಶದವರೇ ಆದ ಬಾಲಕೃಷ್ಣ ಆನಂದ್ ಅವರು ಜಾನ್ ಬ್ರೋಬೆಕ್ ಜೊತೆ ಇನ್ನೊಂದು ಪ್ರಯೋಗ ಮಾಡಿದ್ದರು. ಮಿದುಳಿನ ತಳದಲ್ಲಿರುವ ಹೈಪೊಥಲಾಮಸ್‌ನ ಎರಡೂ ಪಾರ್ಶ್ವಗಳಲ್ಲಿ ಒಂದು ಸಣ್ಣ ಜಾಗವನ್ನು ಸುಟ್ಟರೆ ಇಲಿ ಊಟವನ್ನೇ ನಿಲ್ಲಿಸಿಬಿಡುತ್ತಿತ್ತು, ಆಹಾರ ಮುಂದೆಯೇ ಇದ್ದರೂ ಉಪವಾಸದಿಂದ ಸಾಯುತ್ತಿತ್ತು. ಅದಕ್ಕೆ ಉಣ್ಣುವ ಕೇಂದ್ರ ಎಂದು ಹೆಸರಾಯಿತು. ಆನಂದ್ ಮುಂದೆ ದೆಹಲಿಯ ಏಮ್ಸ್‌ನಲ್ಲಿ ಶರೀರಕ್ರಿಯಾ ವಿಭಾಗವನ್ನು ಕಟ್ಟಿದರು. ವೈದ್ಯಕೀಯ ಓದಿದ ಒಂದೆರಡು ತಲೆಮಾರಿನವರಿಗೆ ಈ ಪ್ರಯೋಗ ಬಾಯಿಪಾಠ. 1962ರಲ್ಲಿ ಫಿಲಿಪ್ ಟೈಟೆಲ್‌ಬಾಮ್ ಮತ್ತು ಅಲನ್ ಎಪ್‌ಸ್ಟೀನ್ ಅಂಥ ಇಲಿಗಳಿಗೆ ಕೊಳವೆಯಲ್ಲಿ ಆಹಾರ ಕೊಟ್ಟು ಬದುಕಿಸಿ, ಅವು ಹಂತಹಂತವಾಗಿ ಚೇತರಿಸಿಕೊಳ್ಳುವುದನ್ನು ದಾಖಲಿಸಿದರು. ಎಲ್ಲವನ್ನೂ ನಿರಾಕರಿಸುತ್ತಿದ್ದ ಇಲಿ ಮೊದಲು ಒಪ್ಪಿಕೊಳ್ಳುತ್ತಿದ್ದುದು ಮೆತ್ತಗಿನ, ಒದ್ದೆಯಾದ, ಬಹಳ ರುಚಿಯಾದ ತಿನಿಸನ್ನು ಮಾತ್ರ. ಇದನ್ನು ಓದಿದಾಗ ಅಮ್ಮ ಯಾರೂ ಹೇಳಿಕೊಡದೆ ಅಕ್ಕಿರೊಟ್ಟಿ ಬಿಟ್ಟು ಹಾಲು ಬೆಲ್ಲ ಹಾಕಿದ ಗಂಜಿಗೆ ಇಳಿದದ್ದು ನೆನಪಾಯಿತು.

ಈ ಕಥೆಗೆ ತಿರುವು ಬಂದದ್ದು 1971ರಲ್ಲಿ. ಸ್ವೀಡನ್ನಿನ ಉರ್ಬನ್ ಉಂಗರ್‌ಸ್ಟೆಟ್, ಡೋಪಮಿನ್ ನರತಂತುಗಳನ್ನು ಆರಿಸಿ ಕೊಲ್ಲುವ ಒಂದು ವಿಷವನ್ನು ಬಳಸಿದರು. ಹೈಪೊಥಲಾಮಸ್ ಹಾಗೆಯೇ ಇತ್ತು. ಆದರೂ ಇಲಿಗಳು ಉಣ್ಣುವುದನ್ನೂ ಕುಡಿಯುವುದನ್ನೂ ಬಿಟ್ಟವು. ಆಗ ಹೊಳೆದದ್ದೇನೆಂದರೆ, ನಡುಮಿದುಳಿನಿಂದ ಮೇಲಕ್ಕೆ ಹೋಗುವ ಡೋಪಮಿನ್ ತಂತುಗಳು ಆ ಉಣ್ಣುವ ಕೇಂದ್ರದ ಮೂಲಕವೇ ಹಾದುಹೋಗುತ್ತವೆ. 1951ರಲ್ಲಿ ಸುಟ್ಟದ್ದು ಊರನ್ನಷ್ಟೇ ಅಲ್ಲ, ಊರ ನಡುವೆ ಹಾದ ರಸ್ತೆಯನ್ನೂ. ಆಗುಂಬೆ ಘಾಟಿಯಲ್ಲಿ ಗುಡ್ಡ ಜರಿದರೆ ತೀರ್ಥಹಳ್ಳಿಯ ಪೇಟೆಯಲ್ಲಿ ಮಲ್ಪೆಯ ಮೀನು ಸಿಗುವುದಿಲ್ಲ. ಹಾಗೆಂದು ಆಗುಂಬೆಯಲ್ಲಿ ಮೀನು ಬೆಳೆಯುತ್ತಿತ್ತು ಎಂದು ಯಾರಾದರೂ ತೀರ್ಮಾನಿಸಿದರೆ ನಾವು ನಕ್ಕೇವು. ಪಾರ್ಶ್ವದ ಆ ಜಾಗದಲ್ಲಿರುವ ಕೋಶಗಳಿಗೂ ಊಟದಲ್ಲಿ ತಮ್ಮದೇ ಪಾಲಿದೆ ಎಂಬುದು ಆಮೇಲೆ ಬೇರೆ ದಾರಿಯಿಂದ ಸಿದ್ಧವಾಯಿತು, ಆನಂದ್ ಅವರದು ತಪ್ಪೆಂದು ತಳ್ಳುವಂತಿಲ್ಲ. ಆದರೆ ರಸ್ತೆಯ ವಿಷಯ ಬೆಳಕಿಗೆ ಬಂದ ಮೇಲೆ ಎಲ್ಲರ ಕಣ್ಣು ಡೋಪಮಿನ್ ಮೇಲೆ ಬಿತ್ತು. ಡೋಪಮಿನ್ ಇಲ್ಲದ ಇಲಿ ಉಣ್ಣುವುದಿಲ್ಲ; ಹಾಗಾದರೆ ಅದಕ್ಕೆ ಊಟದ ಸುಖ ಹೋಗಿರಬೇಕು. ನಾನು ತರಗತಿಯಲ್ಲಿ ಹೇಳುತ್ತಿದ್ದುದು ಇಲ್ಲಿಗೆ ಬಂದು ನಿಂತ ವಿಜ್ಞಾನವನ್ನೇ.

ಮಿಷಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಡ್ಜ್ ಇದನ್ನು ಪರೀಕ್ಷಿಸಿದ ಬಗೆ ನನಗೆ ಬಹಳ ಇಷ್ಟ, ಏಕೆಂದರೆ ಅದರಲ್ಲಿರುವುದು ಎಲ್ಲ ಅಜ್ಜಿಯರಿಗೂ ಗೊತ್ತಿರುವ ಸಂಗತಿ. ನಮ್ಮ ಕಡೆ ಎಳೆಗೂಸಿಗೆ ಬಜೆ ತೇದು ನೆಕ್ಕಿಸುತ್ತಾರೆ. ಆಗ ಮಗುವಿನ ಮುಖ ಮುದ್ದೆಯಾಗುತ್ತದೆ, ಬಾಯಿ ಅಗಲವಾಗಿ ತೆರೆದುಕೊಳ್ಳುತ್ತದೆ, ನಾಲಿಗೆ ಅದನ್ನು ಹೊರಗೆ ದಬ್ಬುತ್ತದೆ. ಸಿಹಿ ತಾಗಿಸಿದರೆ ಅದೇ ಮಗು ತುಟಿ ಚಪ್ಪರಿಸುತ್ತದೆ. ಇಲಿಯೂ ಹೀಗೆಯೇ ಮಾಡುತ್ತದೆ: ಸಕ್ಕರೆ ನೀರಿಗೆ ನಾಲಿಗೆ ಹೊರಚಾಚಿ ನೆಕ್ಕಿಕೊಳ್ಳುತ್ತದೆ, ಕಹಿಗೆ ಬಾಯಿ ತೆರೆದು ತಲೆ ಒದರುತ್ತದೆ. ಹಾಗಾಗಿ ಹಿಡಿಸಿತೋ ಇಲ್ಲವೋ ಎಂದು ಕೇಳಬೇಕಾದದ್ದು ಇಲಿಯ ಹೆಜ್ಜೆಯನ್ನಲ್ಲ, ಮುಖವನ್ನು. 1989ರಲ್ಲಿ ಬೆರಿಡ್ಜ್ ಮತ್ತು ಸಹೋದ್ಯೋಗಿಗಳು ಡೋಪಮಿನ್ ತಂತುಗಳನ್ನು ನಾಶಪಡಿಸಿದ, ತಾವಾಗಿ ಒಂದು ಕಾಳನ್ನೂ ಮುಟ್ಟದ ಇಲಿಗಳ ಬಾಯಿಗೆ ಸಕ್ಕರೆ ನೀರು ಬಿಟ್ಟು ನೋಡಿದರು. ಅವು ಆರೋಗ್ಯವಂತ ಇಲಿಗಳಂತೆಯೇ ತುಟಿ ನೆಕ್ಕಿಕೊಂಡವು. ರುಚಿ ಇತ್ತು, ಬೇಕು ಅನ್ನಿಸುತ್ತಿರಲಿಲ್ಲ.

ಆ ಪ್ರಬಂಧವನ್ನು ಓದಿ ಮುಗಿಸಿದಾಗ ಹೊರಗೆ ಮಳೆ ಹೊಯ್ಯುತ್ತಿತ್ತು, ಕರೆಂಟು ಹೋಗಿತ್ತು, ನಾನು ಮೊಬೈಲಿನ ಬೆಳಕಿನಲ್ಲಿ ಕೂತಿದ್ದೆ. ಅಪ್ಪಯ್ಯನ ತುಟಿಯ ಮೇಲಿನ ತುಪ್ಪವನ್ನು ಬಿಟ್ಟರೆ ಬೇರೇನೂ ನೆನಪಾಗಲಿಲ್ಲ.

ನಾಲಿಗೆಯ ಸುಖಕ್ಕೆ ಮಿದುಳಿನಲ್ಲಿ ಬೇರೆಯೇ ಏರ್ಪಾಡಿದೆ, ಅಫೀಮಿನ ಜಾತಿಗೆ ಸೇರಿದ, ನಮ್ಮ ದೇಹವೇ ತಯಾರಿಸಿಕೊಳ್ಳುವ ರಾಸಾಯನಿಕಗಳು ಅಲ್ಲಿ ಕೆಲಸ ಮಾಡುತ್ತವೆ. ಡೋಪಮಿನ್‌ನ ಕೆಲಸ ಅದಕ್ಕೆ ಮೊದಲಿನದು: ಕಂಡ ವಸ್ತುವನ್ನು ಬೇಕಾದ ವಸ್ತುವನ್ನಾಗಿ ಮಾಡುವುದು, ಕೈಯನ್ನು ಅದರತ್ತ ಎಳೆಯುವುದು. ನಮ್ಮ ಭಾಷೆ ಈ ವಿಷಯದಲ್ಲಿ ನನಗೆ ಸಹಾಯ ಮಾಡಿತೋ ಅಡ್ಡ ಬಂತೋ ಹೇಳಲಾರೆ. ಶಿವಮೊಗ್ಗದ ನರರೋಗ ತಜ್ಞರು ಪ್ರತಿ ಸಲವೂ "ಊಟ ಸೇರುತ್ತದಾ?" ಎಂದು ಕೇಳುತ್ತಿದ್ದರು. ಸೇರುವುದು ಎಂದರೆ ಹಿಡಿಸುವುದೂ ಹೌದು, ಗಂಟಲಿನಲ್ಲಿ ಇಳಿಯುವುದೂ ಹೌದು, ಉಣ್ಣಬೇಕೆನ್ನಿಸುವುದೂ ಹೌದು. ಅಮ್ಮ "ಸೇರುವುದಿಲ್ಲ" ಎನ್ನುತ್ತಿದ್ದರು, ಅಪ್ಪಯ್ಯ "ಸೇರುತ್ತದೆ" ಎನ್ನುತ್ತಿದ್ದರು. ಇಬ್ಬರೂ ಹೇಳುತ್ತಿದ್ದುದು ನಿಜ.

ಇಲ್ಲಿ ನಮ್ಮ ಬೇಲಿಯ ಎರಡು ಗಿಡಗಳ ವಿಷಯ ಹೇಳದೆ ಮುಂದೆ ಹೋಗಲಾರೆ. ಒಂದು ಸರ್ಪಗಂಧ. ಹಳ್ಳಿಯ ಔಷಧಿ ಬಲ್ಲವರೆಲ್ಲ ಅದರ ಬೇರನ್ನು ಬಲ್ಲರು. 1949ರಲ್ಲಿ ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲ್ ಅದು ರಕ್ತದ ಒತ್ತಡವನ್ನು ಇಳಿಸುವ ಬಗೆಯನ್ನು ಬ್ರಿಟಿಷ್ ಪತ್ರಿಕೆಯೊಂದರಲ್ಲಿ ಬರೆದ ಮೇಲೆ ಹೊರಗಿನ ಜಗತ್ತು ಅದರತ್ತ ತಿರುಗಿತು. 1952ರಲ್ಲಿ ಸ್ವಿಟ್ಜರ್‌ಲೆಂಡಿನವರು ಬೇರಿನಿಂದ ರೆಸರ್ಪಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಅದನ್ನು ಮೊಲಗಳಿಗೆ ಕೊಟ್ಟಾಗ ಅವು ಕಿವಿ ಜೋಲಿಸಿ ಅಲ್ಲಾಡದೆ ಬಿದ್ದುಕೊಂಡವು. ನರಕೋಶಗಳು ಡೋಪಮಿನ್ ಅನ್ನು ತುಂಬಿಡುವ ಸಣ್ಣ ಚೀಲಗಳ ಬಾಯಿಯನ್ನು ರೆಸರ್ಪಿನ್ ಮುಚ್ಚಿಬಿಡುತ್ತದೆ, ಹೊರಗುಳಿದದ್ದು ಹಾಳಾಗುತ್ತದೆ. ಆ ಮೊಲಗಳಿಗೆ ಕಾರ್ಲ್‌ಸನ್ ಎಲ್‌-ಡೋಪಾ ಎಂಬ, ಮಿದುಳಿನೊಳಗೆ ಡೋಪಮಿನ್ ಆಗಿ ಬದಲಾಗುವ ವಸ್ತುವನ್ನು ಚುಚ್ಚಿದರು. ಅವು ಎದ್ದು ಓಡಾಡಿದವು. ಮುಂದೆ 1960ರಲ್ಲಿ ವಿಯೆನ್ನಾದಲ್ಲಿ, ಪಾರ್ಕಿನ್‌ಸನ್‌ನಿಂದ ಸತ್ತವರ ಮಿದುಳಿನಲ್ಲಿ ಡೋಪಮಿನ್ ಬಹಳ ಕಡಿಮೆ ಇರುವುದನ್ನು ಓಲೆ ಹಾರ್ನಿಕೀವಿಚ್ ಮತ್ತು ಹೆರ್ಬರ್ಟ್ ಎಹ್ರಿಂಗರ್ ತೋರಿಸಿದರು. ಇಂದು ಅಪ್ಪಯ್ಯ ನುಂಗುವ ಮಾತ್ರೆಯಲ್ಲಿರುವುದು ಆ ಮೊಲಗಳಿಗೆ ಕೊಟ್ಟ ವಸ್ತುವೇ. ಕಾರ್ಲ್‌ಸನ್‌ಗೆ 2000ದಲ್ಲಿ ನೊಬೆಲ್ ಬಂತು.

ಇನ್ನೊಂದು ನಸುಗುನ್ನಿ. ಮೈಗೆ ತಾಗಿದರೆ ಹುಚ್ಚು ಹಿಡಿಸುವಂತೆ ತುರಿಸುವ ಅದರ ಕಾಯಿಯನ್ನು ಶಾಲೆಯ ಬೆಂಚಿನ ಮೇಲೆ ಒರೆಸಿಟ್ಟು ಹೊಡೆತ ತಿಂದವರಲ್ಲಿ ನನ್ನ ತಮ್ಮನೂ ಒಬ್ಬ. ಆ ಕಾಯಿಯೊಳಗಿನ ಬೀಜದಲ್ಲಿ ಎಲ್‌-ಡೋಪಾ ಇದೆ. 1937ರಲ್ಲಿ ಮದ್ರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಅದನ್ನು ಬೇರ್ಪಡಿಸಿ ತೋರಿಸಿದ್ದರು, ಅಂದರೆ ಅದು ಯಾವ ಕೆಲಸಕ್ಕೆ ಬರುತ್ತದೆಂದು ಯಾರಿಗೂ ಹೊಳೆಯುವುದಕ್ಕೆ 20 ವರ್ಷ ಮೊದಲು. ಮಿದುಳಿನ ಡೋಪಮಿನ್ ಅನ್ನು ಬರಿದುಮಾಡುವ ಗಿಡ ಮತ್ತು ತುಂಬಿಕೊಡುವ ಬಳ್ಳಿ ಎರಡೂ ನಮ್ಮ ಸೊಪ್ಪಿನಬೆಟ್ಟದ ಅಂಚಿನಲ್ಲಿ ಹತ್ತಿರಹತ್ತಿರ ಬೆಳೆಯುತ್ತವೆ. ಇದನ್ನು ತಿಳಿದ ನೆಂಟರೊಬ್ಬರು ನಸುಗುನ್ನಿ ಪುಡಿಯ ಡಬ್ಬಿಯನ್ನೇ ತಂದುಕೊಟ್ಟರು. 2004ರಲ್ಲಿ ಲಂಡನ್ನಿನಲ್ಲಿ 8 ರೋಗಿಗಳ ಮೇಲೆ ಆ ಬೀಜದ ಪುಡಿಯನ್ನು ಪರೀಕ್ಷಿಸಿದಾಗ ಅದು ಮಾತ್ರೆಗಿಂತ ಬೇಗ ಕೆಲಸ ಆರಂಭಿಸಿದ್ದೂ ಹೌದು. ಆದರೆ ಮಾತ್ರೆಯ ಮೇಲೆ ಪುಡಿ ಬಿದ್ದರೆ ಒಟ್ಟು ಪ್ರಮಾಣ ಎಷ್ಟಾಯಿತೆಂದು ಲೆಕ್ಕ ಸಿಗುವುದಿಲ್ಲ ಎಂದು ವೈದ್ಯರು ಖಂಡಿತವಾಗಿ ಬೇಡವೆಂದರು. ಡಬ್ಬಿ ಇನ್ನೂ ಅಟ್ಟದ ಮೇಲಿದೆ; ನೆಂಟರು ಬಂದಾಗ ಅಮ್ಮ ಅದನ್ನು ಕೆಳಗಿಳಿಸಿ ಕಾಣುವ ಹಾಗೆ ಇಡುತ್ತಾರೆ.

ನಮ್ಮ ಮನೆಯ ದಿನಚರಿಯನ್ನು ನಿಜವಾಗಿ ಬದಲಿಸಿದ್ದು ಬೇರೊಂದು ಪ್ರಯೋಗ. ಅಮೆರಿಕದ ಜಾನ್ ಸಾಲಮೋನ್ ಇಲಿಗಳಿಗೆ ಎರಡು ದಾರಿ ಇಟ್ಟರು: ಸನ್ನೆಯನ್ನು ಮತ್ತೆ ಮತ್ತೆ ಒತ್ತಿದರೆ ಇಷ್ಟದ ತಿನಿಸು ಸಿಗುತ್ತದೆ, ಒತ್ತದಿದ್ದರೂ ಪಕ್ಕದಲ್ಲಿ ಸಪ್ಪೆ ಆಹಾರ ಬಿದ್ದಿದೆ. ಸಾಮಾನ್ಯ ಇಲಿಗಳು ದುಡಿದು ಇಷ್ಟವಾದದ್ದನ್ನೇ ತಿನ್ನುತ್ತವೆ. ಡೋಪಮಿನ್ ತಗ್ಗಿಸಿದ ಇಲಿಗಳು ಸನ್ನೆಯನ್ನು ಬಿಟ್ಟು ಸಪ್ಪೆಯನ್ನು ತಿಂದವು. ಅವುಗಳಿಗೆ ಹಸಿವಿತ್ತು, ಎರಡನ್ನೂ ಸುಮ್ಮನೆ ಮುಂದಿಟ್ಟರೆ ಇಷ್ಟದ್ದನ್ನೇ ಆರಿಸುತ್ತಿದ್ದವು. ಅವು ಕಳೆದುಕೊಂಡದ್ದು ನಡುವಿನ ಶ್ರಮವನ್ನು ದಾಟುವ ತ್ರಾಣವನ್ನು. ಅಪ್ಪಯ್ಯ ಸಿಪ್ಪೆಯಿದ್ದ ಬಾಳೆಹಣ್ಣನ್ನು ಮುಟ್ಟುತ್ತಿರಲಿಲ್ಲ, ಸುಲಿದು ಕೈಗಿಟ್ಟರೆ ತಿನ್ನುತ್ತಿದ್ದರು. ಅದನ್ನು ನಾವು ಕೊಬ್ಬು ಎಂದುಕೊಂಡಿದ್ದೆವು. ಆಮೇಲೆ ಎಲ್ಲವನ್ನೂ ಸುಲಿದು, ಮುರಿದು, ಕಲಸಿ, ಮೊದಲ ತುತ್ತನ್ನು ಕೈಗೇ ಇಡತೊಡಗಿದೆವು. ಮೊದಲ ತುತ್ತು ಒಳಗೆ ಹೋದರೆ ಎರಡನೆಯದಕ್ಕೆ ಕೈ ತಾನಾಗಿ ಏಳುವುದೂ ಉಂಟು. ಅಡುಗೆಮನೆಯಿಂದ "ಊಟಕ್ಕೆ ಬನ್ನಿ" ಎಂದು ಕೂಗುವ ಪದ್ಧತಿಯನ್ನು ನಿಲ್ಲಿಸಿದೆವು. ಚಾವಡಿಯಿಂದ ಅಡುಗೆಮನೆಗೆ ಹನ್ನೆರಡು ಹೆಜ್ಜೆ. ಅವರ ಪಾಲಿಗೆ ಅದು ಇಲಿಯ ಸನ್ನೆ.

ಎಲ್ಲವನ್ನೂ ಡೋಪಮಿನ್‌ನ ತಲೆಗೆ ಕಟ್ಟುವುದು ಸರಿಯಲ್ಲ. ಪಾರ್ಕಿನ್‌ಸನ್‌ನಲ್ಲಿ ಕೈ ನಡುಗುವುದಕ್ಕೆ ವರ್ಷಗಟ್ಟಲೆ ಮೊದಲೇ ವಾಸನೆ ತಿಳಿಯದಾಗುವುದುಂಟು, ಹೊಟ್ಟೆ ಕಟ್ಟುತ್ತದೆ, ನುಂಗುವುದು ಕಷ್ಟವಾಗುತ್ತದೆ, ಮನಸ್ಸು ಕುಗ್ಗುತ್ತದೆ. ಇವುಗಳಲ್ಲಿ ಯಾವೊಂದೂ ಊಟವನ್ನು ಕಸಿಯಬಲ್ಲದು. ಹಸಿವಿನ ಲೆಕ್ಕವೂ ಪ್ರತ್ಯೇಕ. ಕೊಬ್ಬಿನ ಕೋಶಗಳಿಂದ ಬರುವ, 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ತಂಡ ಪತ್ತೆ ಮಾಡಿದ ಲೆಪ್ಟಿನ್, ಜಠರದಿಂದ ಬರುವ ಗ್ರೆಲಿನ್ ಮುಂತಾದ ಹಾರ್ಮೋನುಗಳು ಹೈಪೊಥಲಾಮಸ್‌ಗೆ ವರದಿ ಒಪ್ಪಿಸುತ್ತಿರುತ್ತವೆ. ಅಲ್ಲಿರುವ ಹಸಿವಿನ ಕೋಶಗಳ ಕುರಿತು 2015ರಲ್ಲಿ ಬಂದ ಒಂದು ಶೋಧ ನನ್ನನ್ನು ಬೆರಗುಗೊಳಿಸಿತು. ಹಸಿದ ಸಣ್ಣ ಇಲಿಯಲ್ಲಿ ಜೋರಾಗಿ ಮಿಡಿಯುತ್ತಿರುವ ಆ ಕೋಶಗಳು ಹೊಟ್ಟೆ ತುಂಬಿದ ಮೇಲೆ ಸುಮ್ಮನಾಗುವುದಿಲ್ಲ. ಊಟ ಕಣ್ಣಿಗೆ ಬಿದ್ದು ಮೂಗಿಗೆ ತಾಗಿದ ಕೂಡಲೇ, ಮೊದಲ ತುತ್ತಿಗೂ ಮುಂಚೆ ಸುಮ್ಮನಾಗಿಬಿಡುತ್ತವೆ. ಪಂಕ್ತಿಯಲ್ಲಿ ಎಲೆ ಹಾಕಿ ಅನ್ನ ಬಂದಾಗಲೇ ಅವುಗಳ ಕೆಲಸ ಮುಗಿಯಿತು. ಅಲ್ಲಿಂದ ಪಾಯಸದವರೆಗೆ ನಮ್ಮನ್ನು ಎಳೆದೊಯ್ಯುವುದಕ್ಕೆ ಹಸಿವೊಂದೇ ಸಾಲದು.

ನನ್ನ ತಮ್ಮ ಬೆಂಗಳೂರಿನಲ್ಲಿದ್ದಾನೆ. ಅವನದು ತೂಕ ಹೆಚ್ಚಾದ ಸಂಕಟ. 2025ರಲ್ಲಿ ನಮ್ಮ ದೇಶಕ್ಕೂ ಬಂದ ತೂಕ ಇಳಿಸುವ ವಾರದ ಚುಚ್ಚುಮದ್ದನ್ನು ವೈದ್ಯರು ಅವನಿಗೆ ಬರೆದುಕೊಟ್ಟಿದ್ದಾರೆ. ಕರುಳಿನಲ್ಲಿ ಹುಟ್ಟುವ ಜಿಎಲ್‌ಪಿ-1 ಎಂಬ ಹಾರ್ಮೋನಿನ ವೇಷ ಹಾಕಿ ಮಿದುಳಿನ ಬಾಗಿಲು ತಟ್ಟುವ ಮದ್ದು ಅದು; ಈ ಜಾತಿಯ ಮೊದಲ ಮದ್ದು ಹುಟ್ಟಿದ್ದು ಅಮೆರಿಕದ ಮರುಭೂಮಿಯ ವಿಷದ ಹಲ್ಲಿಯೊಂದರ ಜೊಲ್ಲಿನಿಂದ. ದೀಪಾವಳಿಗೆ ಬಂದವನು ಹೋಳಿಗೆ ಒಂದಕ್ಕೇ ಕೈ ತೊಳೆದ. ಏಕೆಂದು ಕೇಳಿದರೆ, "ರುಚಿಯಾಗೇ ಇದೆ ಅಕ್ಕ, ಇನ್ನೊಂದು ಬೇಕು ಅನ್ನಿಸ್ತಿಲ್ಲ" ಎಂದ. ಅಪ್ಪಯ್ಯ ಎದುರಿಗೇ ಕೂತಿದ್ದರು. ಒಂದೇ ಮನೆಯಲ್ಲಿ ಒಬ್ಬರು ಕಳೆದುಕೊಂಡು ಬಡವಾದದ್ದನ್ನು ಇನ್ನೊಬ್ಬ ತಿಂಗಳಿಗೆ ಸಾವಿರಾರು ರೂಪಾಯಿ ಕೊಟ್ಟು ಕಳೆದುಕೊಳ್ಳುತ್ತಿದ್ದ. ಯಾರಿಗೂ ನಗು ಬರಲಿಲ್ಲ, ಅಮ್ಮನಿಗಂತೂ ಮಾಡಿದ ಹೋಳಿಗೆಯ ಚಿಂತೆ.

ಇದರ ತದ್ವಿರುದ್ಧವೂ ಉಂಟು. ಡೋಪಮಿನ್‌ನಂತೆ ನಟಿಸುವ ಇನ್ನೊಂದು ಬಗೆಯ ಪಾರ್ಕಿನ್‌ಸನ್ ಮಾತ್ರೆ ಕೆಲವರಲ್ಲಿ ಬಯಕೆಯನ್ನು ಕಟ್ಟೆಯೊಡೆಸುತ್ತದೆ. ಬದುಕಿಡೀ ಲೆಕ್ಕದಲ್ಲಿದ್ದವರು ಜೂಜಿಗೆ ಇಳಿಯುತ್ತಾರೆ, ನಡುರಾತ್ರಿ ಎದ್ದು ತಿನ್ನುತ್ತಾರೆ. ಅಂಥ ಮಾತ್ರೆಯನ್ನು ಸೇರಿಸುವಾಗ ವೈದ್ಯರು ನಮ್ಮನ್ನು ಎಚ್ಚರಿಸಿ, ಮುಂದಿನ ಭೇಟಿಯಲ್ಲಿ "ಹೊಸದಾಗಿ ಇಸ್ಪೀಟಿನ ಚಟವೇನಾದರೂ?" ಎಂದು ಕೇಳಿದರು. "ಹಳೆಯದೇ ಇದೆ" ಎಂದರು ಅಮ್ಮ. ಹಾಗೆ ಕೆಟ್ಟವರಲ್ಲಿ ಕೆಲವರು, ಆಟದಲ್ಲಿ ಸುಖವೇನೂ ಸಿಗುತ್ತಿರಲಿಲ್ಲ, ಬಿಡಲು ಆಗುತ್ತಿರಲಿಲ್ಲ ಅಷ್ಟೇ ಎಂದು ಹೇಳಿಕೊಳ್ಳುವುದನ್ನು ಓದಿದ್ದೇನೆ. ಅಪ್ಪಯ್ಯನ ಮಾತನ್ನು ಮಗುಚಿ ಹಾಕಿದರೆ ಇದೇ.

ಮಾತ್ರೆಯ ಸಮಯವನ್ನು ವೈದ್ಯರು ಬದಲಿಸಿದರು. ಬೇಳೆ, ಹಾಲಿನಲ್ಲಿರುವ ಪ್ರೋಟೀನು ಎಲ್‌-ಡೋಪಾದ ಜೊತೆ ಒಂದೇ ಬಾಗಿಲಲ್ಲಿ ನುಗ್ಗಲು ಪೈಪೋಟಿ ಮಾಡುವುದರಿಂದ ಊಟಕ್ಕೆ ಅರ್ಧ ಗಂಟೆ ಮೊದಲೇ ಕೊಡುತ್ತೇವೆ. ಬೆಳಗಿನದು ಏಳಕ್ಕೆ. ಕೊನೆ ಕೊಯ್ಲು ಶುರುವಾದ ಮೇಲೆ ಒಂದು ಭಾನುವಾರ ನಾನು ಅಲ್ಲಿದ್ದೆ. ರಾತ್ರಿಯಿಡೀ ಅಡಿಕೆ ಸುಲಿದವರು ಹೋಗಿ ಅಂಗಳದಲ್ಲಿ ಸಿಪ್ಪೆಯ ರಾಶಿ ಬಿದ್ದಿತ್ತು, ಹಂಡೆಯಿಂದ ಬೇಯಿಸಿದ ಅಡಿಕೆಯ ಒಗರು ವಾಸನೆ ಬರುತ್ತಿತ್ತು. ಅಮ್ಮ ನೀರುದೋಸೆಯನ್ನು ಚೂರು ಮಾಡಿ ಬೆಲ್ಲ ಕಾಯಿ ಕಲಸಿ ತಂದು ಅಪ್ಪಯ್ಯನ ಕೈಗಿಟ್ಟರು. ಅವರು ಅದನ್ನು ತಟ್ಟೆಗೇ ಮರಳಿ ಹಾಕಿದರು. ನಮ್ಮಿಬ್ಬರ ಮುಖವೂ ಇಳಿಯಿತು.

"ಈ ವರ್ಷದ ಅಪ್ಪೆಮಿಡಿ ಭರಣಿ ಬಿಚ್ಚಿದ್ಯೇನೇ?" ಎಂದರು.

ಅಮ್ಮ ಬಿಚ್ಚಿರಲಿಲ್ಲ. ಉಪ್ಪಿನಕಾಯಿಯನ್ನು ಯಾರೂ ಹೆಸರಿಸಿರಲಿಲ್ಲ, ಎದುರಿಗೂ ಇಟ್ಟಿರಲಿಲ್ಲ, ವಾಸನೆಯಂತೂ ಅವರಿಗೆ ತಿಳಿಯುವುದೇ ಇಲ್ಲ. ಅಮ್ಮ ಸ್ಟೂಲು ಎಳೆದುಕೊಂಡು ನಾಗಂದಿಗೆಯ ಮೇಲಿನ ಭರಣಿಗೆ ಕೈ ಹಾಕುವಾಗ ನಾನು ಗಡಿಯಾರ ನೋಡಿದೆ. ಏಳೂ ಐವತ್ತು.